ಕಾಣೆಯಾದ ಎರಡು ವರ್ಣತಂತುಗಳು

‘ನೀವು ಡಾರ್ವಿನ್ನನನ್ನು ನಂಬುತ್ತೀರಿ, ನಾವು ದೇವರನ್ನು ನಂಬುತ್ತೇವೆ. ಎರಡೂ ನಂಬಿಕೆಯೇ ಅಲ್ಲವೇ?’ ವಿಕಾಸವಾದದ ಮಾತು ಎದ್ದಲ್ಲೆಲ್ಲ ಈ ಪ್ರಶ್ನೆ ತಪ್ಪದೆ ಹಾಜರಾಗುತ್ತದೆ. ಕೇಳುವವರ ಮಾತಿನಲ್ಲಿ ಅರ್ಧ ಸತ್ಯವಿದೆ, ಒಪ್ಪೋಣ. ಡಿಎನ್‌ಎಯನ್ನು ನಾನೂ ಕಣ್ಣಾರೆ ಕಂಡಿಲ್ಲ, ಓದಿಯೇ ಒಪ್ಪಿದವನು. ಆದರೆ ಒಪ್ಪುವ ಮುನ್ನ ಒಂದನ್ನು ಕೇಳುತ್ತೇನೆ: ಈ ಮಾತು ಸುಳ್ಳಾಗುವುದಾದರೆ ಹೇಗೆ ಸುಳ್ಳಾಗಬಹುದಿತ್ತು?

ನಮ್ಮ ವರ್ಣತಂತುಗಳ, ಅಂದರೆ ಜೀವಕೋಶದೊಳಗೆ ಡಿಎನ್‌ಎಯನ್ನು ಸುತ್ತಿಟ್ಟಿರುವ ಕ್ರೋಮೋಸೋಮುಗಳ, ಲೆಕ್ಕವನ್ನೇ ನೋಡಿ. 1923ರಲ್ಲಿ ಅಮೆರಿಕದ ಥಿಯೋಫಿಲಸ್ ಪೇಂಟರ್ ಮನುಷ್ಯನ ಜೀವಕೋಶದಲ್ಲಿ 48 ಎಂದು ಎಣಿಸಿದರು. ಮೂರು ದಶಕ ಪಠ್ಯಪುಸ್ತಕಗಳು ಅದನ್ನೇ ಹೇಳಿದವು. ಸ್ವೀಡನ್ನಿನ ಲುಂಡ್‌ನಲ್ಲಿ, ಜಾವಾದಲ್ಲಿ ಹುಟ್ಟಿದ ಜೋ ಹಿನ್ ಟಿಯೊ, ಕೋಶಗಳನ್ನು ತೆಳು ದ್ರಾವಣದಲ್ಲಿ ಉಬ್ಬಿಸಿ ವರ್ಣತಂತುಗಳನ್ನು ಬಿಡಿಬಿಡಿಯಾಗಿ ಹರಡಿ ನೋಡಿದಾಗ ಕಂಡದ್ದು 46. 1956ರಲ್ಲಿ ಆಲ್ಬರ್ಟ್ ಲೆವಾನ್ ಜೊತೆ ಅದನ್ನು ಪ್ರಕಟಿಸಿದರು. ಯಾವ ಪೀಠದ ಅಪ್ಪಣೆಯೂ ಬೇಕಾಗಲಿಲ್ಲ. ಉಳಿದವರೂ ಎಣಿಸಿ ನೋಡಿದರು, ಪುಸ್ತಕಗಳು ಬದಲಾದವು.

ತಮಾಷೆಯೆಂದರೆ ಈ ತಿದ್ದುಪಡಿ ವಿಕಾಸವಾದಕ್ಕೇ ಇಕ್ಕಟ್ಟು ತಂದಿತು. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್ ಮೂರಕ್ಕೂ 48. ನಮ್ಮೆಲ್ಲರದು ಒಂದೇ ಮೂಲವಾದರೆ ನಮ್ಮ ಒಂದು ಜೋಡಿ ಎಲ್ಲಿ ಹೋಯಿತು? ಇಡೀ ಜೋಡಿಯೇ ಕಳೆದುಹೋದರೆ ಜೀವ ಉಳಿಯುವುದಿಲ್ಲ. ಹಾಗಾದರೆ ಉಳಿಯುವುದು ಒಂದೇ ದಾರಿ: ಪೂರ್ವಜರಲ್ಲಿ ಎರಡು ವರ್ಣತಂತುಗಳು ತುದಿಗೆ ತುದಿ ಕೂಡಿ ಒಂದಾಗಿರಬೇಕು.

ಇಲ್ಲಿದೆ ಪರೀಕ್ಷೆ. ಪ್ರತಿ ವರ್ಣತಂತುವಿನ ತುದಿಯಲ್ಲೂ ಟಿಟಿಎಜಿಜಿಜಿ ಎಂಬ ಡಿಎನ್‌ಎಯ ಆರಕ್ಷರ ಸಾವಿರಾರು ಅಕ್ಷರಗಳುದ್ದಕ್ಕೂ ಮರುಕಳಿಸುತ್ತದೆ. ಅದು ತುದಿಯನ್ನು ಕಾಯುವ ಟೆಲೊಮಿಯರ್. ಎರಡು ಶಲ್ಯಗಳನ್ನು ತುದಿ ಕೂಡಿಸಿ ಹೊಲಿದರೆ ಕುಚ್ಚು ನಟ್ಟನಡುವೆ ಸಿಕ್ಕಿಕೊಳ್ಳುತ್ತದೆ. ಹಾಗೆಯೇ ನಮ್ಮ ಯಾವುದೋ ವರ್ಣತಂತುವಿನ ಒಡಲಲ್ಲಿ, ತುದಿಯಲ್ಲಿರಬೇಕಾದ ಬರಹ ಎದುರುಬದುರಾಗಿ ಕೂತಿರಬೇಕು. ಇಲ್ಲದಿದ್ದರೆ ಸಮಾನ ಪೂರ್ವಜನ ಕಥೆಗೆ ದೊಡ್ಡ ಪೆಟ್ಟು.

1991ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡ ಎರಡನೆಯ ವರ್ಣತಂತುವಿನಲ್ಲಿ ಅದನ್ನು ಕಂಡಿತು: ಟಿಟಿಎಜಿಜಿಜಿ ಸಾಲು ಒಂದೆಡೆಯಿಂದ ಬಂದು ನಿಲ್ಲುತ್ತದೆ, ಅಲ್ಲಿಂದಾಚೆ ಸಿಸಿಸಿಟಿಎಎ, ಅಂದರೆ ಡಿಎನ್‌ಎಯ ಜೋಡಿ ಎಳೆಯಲ್ಲಿ ಅದಕ್ಕೆ ಎದುರಾದ ಅಕ್ಷರಗಳನ್ನು (ಟಿಗೆ ಎ, ಜಿಗೆ ಸಿ) ಹಿಂದುಮುಂದಾಗಿ ಓದಿದ ರೂಪ. ಕೋಶ ಎರಡಾಗುವಾಗ ವರ್ಣತಂತುವನ್ನು ಹಿಡಿದೆಳೆಯುವ ಗಂಟು ಸೆಂಟ್ರೋಮಿಯರ್; ವರ್ಣತಂತುವಿಗೆ ಅದು ಒಂದೇ ಸಾಕು. ಇದರಲ್ಲಿ ಕೆಲಸ ಬಿಟ್ಟ ಇನ್ನೊಂದರ ಅವಶೇಷವೂ ಇದೆ.

ಆ ಬರಹ ಸವೆದಿದೆ, ಅಚ್ಚುಕಟ್ಟಾಗಿಲ್ಲ ಎಂದು ವಿರೋಧಿಗಳು ಆಕ್ಷೇಪಿಸುತ್ತಾರೆ. ಆಕ್ಷೇಪ ಸರಿಯಾದದ್ದೇ. ಕಾಯಲು ತುದಿಯೇ ಇಲ್ಲದ ಮೇಲೆ ಅಕ್ಷರಗಳಲ್ಲಿ ತಪ್ಪುಗಳು ನುಸುಳಿದರೆ ತಡೆಯುವವರಿಲ್ಲ. ಸವೆತ ಎಷ್ಟೆಂದು ಅಳೆದು ಬೆಸುಗೆಯ ವಯಸ್ಸನ್ನು ಅಂದಾಜು ಮಾಡಲೂ ಹೊರಟವರಿದ್ದಾರೆ. ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ ಸಿಕ್ಕ, ಡೆನಿಸೋವನ್ ಎಂಬ ಅಳಿದುಹೋದ ಮಾನವ ಬಳಗದ ಬೆರಳಿನ ಮೂಳೆಯ ಡಿಎನ್‌ಎಯನ್ನು 2012ರಲ್ಲಿ ಪೂರ್ತಿಯಾಗಿ ಓದಿದಾಗ ಅದೇ ಬೆಸುಗೆ ಅಲ್ಲೂ ಇತ್ತು. ಅಂದರೆ ಎರಡು ತಂತುಗಳು ಕೂಡಿದ್ದು ನಾವೂ ಅವರೂ ಕವಲೊಡೆಯುವುದಕ್ಕೆ ಮೊದಲೇ.