ಪಾಲಿಕೆ ಬಾಂಡ್‌ನಿಂದ ನೀರಿನ ಯೋಜನೆ: ಸಾಲ ತೀರುವುದು ಎಲ್ಲಿಂದ?

ಪಾಲಿಕೆ ಬಾಂಡ್ ಅಂದರೆ ಸಾಲ, ಅನುದಾನ ಅಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಪಾಲಿಕೆ ಹೂಡಿಕೆದಾರರಿಂದ ಹಣ ಎತ್ತುತ್ತದೆ, ಬಡ್ಡಿ ಕಟ್ಟುತ್ತದೆ, ಅವಧಿ ಮುಗಿಯುವಷ್ಟರಲ್ಲಿ ಅಸಲು ತೀರಿಸುತ್ತದೆ. ನೀರಿನ ಯೋಜನೆಗೆ ಬಂದಾಗ ಮಾತ್ರ ಒಂದು ತೊಡಕು ಏಳುತ್ತದೆ. ಕೊಳಚೆ ನೀರನ್ನು ಶುದ್ಧ ಮಾಡಿ ಹೊಳೆಗೆ ಬಿಟ್ಟರೆ ಊರಿಗೆ ಒಳ್ಳೆಯದು, ಕೆಳಗಿನ ಊರಿಗೆ ಇನ್ನೂ ಒಳ್ಳೆಯದು. ಆದರೆ ಆ ಘಟಕಕ್ಕೆ ಒಂದು ರೂಪಾಯಿ ಆದಾಯ ಇಲ್ಲ. ಹಾಗಾದರೆ ಸಾಲ ತೀರಿಸಲು ಹಣ ಎಲ್ಲಿಂದ ಬರಬೇಕು? ಯಾವುದೇ ಬಾಂಡ್ ಬಗ್ಗೆ ಓದುವಾಗ ಮೊದಲು ಈ ಪ್ರಶ್ನೆ ಕೇಳಿ. ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಎರಡು ಇಸವಿ

1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ 125 ಕೋಟಿ ರೂಪಾಯಿ ಬಾಂಡ್ ತಂದಿತು. ಅದಕ್ಕೆ ರಾಜ್ಯ ಸರ್ಕಾರದ ಖಾತರಿ ಇತ್ತು. 1998ರಲ್ಲಿ ಅಹಮದಾಬಾದ್ ಪಾಲಿಕೆ ನೀರು ಪೂರೈಕೆ ಮತ್ತು ಒಳಚರಂಡಿಗೆ 100 ಕೋಟಿ ಎತ್ತಿತು, ರಾಜ್ಯದ ಖಾತರಿ ಇಲ್ಲದೆ. ಸರ್ಕಾರ ಬೆನ್ನಿಗೆ ಇಲ್ಲದಿದ್ದರೂ ಜನ ನಂಬಿ ಹಣ ಹಾಕಿದ್ದು ಯಾಕೆ? ಉತ್ತರ ಎಸ್ಕ್ರೋ ಖಾತೆ, ಅಂದರೆ ಸಾಲ ತೀರಿಸಲೆಂದೇ ಬೇರೆ ಇಟ್ಟ, ಪಾಲಿಕೆ ತನ್ನಿಷ್ಟಕ್ಕೆ ಮುಟ್ಟಲಾಗದ ಬ್ಯಾಂಕ್ ಖಾತೆ.

ಎಸ್ಕ್ರೋ: ಇಲ್ಲಿ ನಿಧಾನವಾಗಿ ಓದಿ

ಬಾಂಡ್‌ನಿಂದ ಬಂದ ಹಣವೇ ಎಸ್ಕ್ರೋದಲ್ಲಿ ಕೂರುತ್ತದೆ, ಅದರಿಂದಲೇ ಬಡ್ಡಿ ಕಟ್ಟುತ್ತಾರೆ ಅಂತ ಅನಿಸುವುದು ಸಹಜ. ಹಾಗಲ್ಲ. ಇಲ್ಲಿ ಎರಡು ಹೊಳೆ ಬೇರೆ ಬೇರೆ ಹರಿಯುತ್ತವೆ. ಬಾಂಡ್ ಮಾರಿ ಬಂದ ಹಣ ಯೋಜನೆಗೆ ಹೋಗುತ್ತದೆ: ಪೈಪು, ಪಂಪು, ಶುದ್ಧೀಕರಣ ಘಟಕ. ಅದು ಖರ್ಚಾಗಿ ಮುಗಿಯುವ ಹಣ. ಸಾಲ ತೀರಿಸುವ ಎಸ್ಕ್ರೋಗೆ ಬರುವುದು ಪಾಲಿಕೆಯ ಮಾಮೂಲಿ ಆದಾಯ, ಅಂದರೆ ತೆರಿಗೆ ಮತ್ತು ಶುಲ್ಕ. ಅಹಮದಾಬಾದ್ ಇದಕ್ಕೆ ಕೊಟ್ಟದ್ದು ಆಕ್ಟ್ರಾಯ್, ಅಂದರೆ ಊರೊಳಗೆ ಬರುವ ಸರಕಿನ ಮೇಲಿನ ಸುಂಕ. ಅದೂ ಎಲ್ಲ ನಾಕಾಗಳದ್ದಲ್ಲ (ನಾಕಾ ಅಂದರೆ ಸುಂಕ ವಸೂಲಿ ಮಾಡುವ ಕಟ್ಟೆ), ಗೊತ್ತು ಮಾಡಿದ ಕೆಲವು ನಾಕಾಗಳದ್ದು. ದಿನಾ ನಗದು ಬೀಳುವ ಆದಾಯ ಅದು, ಹಾಗಾಗಿ ಸಾಲ ಕೊಟ್ಟವರಿಗೆ ಧೈರ್ಯ.

ಲೆಕ್ಕ ಹಾಕಿ ನೋಡಿದರೆ ಸ್ಪಷ್ಟ. ಇವು ಸುಮ್ನೆ ಉದಾಹರಣೆಗೆ ತೆಗೆದುಕೊಂಡ ಅಂಕಿಗಳು. ಸಾಲ 100 ಕೋಟಿ, ಬಡ್ಡಿ ಶೇಕಡ 8, ಅವಧಿ 10 ವರ್ಷ, ಅಸಲು ಕೊನೆಗೆ ಒಟ್ಟಿಗೆ. ವರ್ಷದ ಬಡ್ಡಿ 8 ಕೋಟಿ. ಕೊನೆಯ ವರ್ಷ ಇದ್ದಕ್ಕಿದ್ದ ಹಾಗೆ 100 ಕೋಟಿ ಹುಟ್ಟಲ್ಲ ಅಲ್ವಾ? ಅದಕ್ಕೇ ವರ್ಷಕ್ಕೆ 10 ಕೋಟಿ ಎತ್ತಿಡಬೇಕು. ಇದೇ ಸಿಂಕಿಂಗ್ ಫಂಡ್. ಎರಡೂ ಸೇರಿ 18 ಕೋಟಿ, ತಿಂಗಳಿಗೆ ಒಂದೂವರೆ ಕೋಟಿ.

ಈಗ ಆ ಊರಿನ ಆಸ್ತಿ ತೆರಿಗೆ ತಿಂಗಳಿಗೆ 5 ಕೋಟಿ ಬರುತ್ತದೆ ಅಂದುಕೊಳ್ಳಿ. ಆ 5 ಕೋಟಿ ನೇರ ಎಸ್ಕ್ರೋಗೆ ಬೀಳುತ್ತದೆ. ಅದರಲ್ಲಿ ಒಂದೂವರೆ ಕೋಟಿ ಬಡ್ಡಿ ಮತ್ತು ಅಸಲಿನ ಖಾತೆಗೆ ಮೊದಲು ಕತ್ತರಿಸಿಕೊಂಡು ಹೋಗುತ್ತದೆ. ಉಳಿದ ಮೂರೂವರೆ ಕೋಟಿ ಪಾಲಿಕೆಯ ಕೈಗೆ. ಸಂಬಳ ಬಂದ ದಿನವೇ ಮನೆ ಸಾಲದ ಕಂತು ಖಾತೆಯಿಂದ ಕಟ್ ಆಗುತ್ತದಲ್ಲ, ಹಾಗೇ. "ಎಸ್ಕ್ರೋ ಅಂದರೆ ಪಾಲಿಕೆಯ ಹಣ ಪೂರ್ತಿ ಸಿಕ್ಕಿಹಾಕಿಕೊಳ್ಳುತ್ತದೆ" ಅನ್ನುವ ಮಾತು ಇದರಿಂದ ಸುಳ್ಳಾಗುತ್ತದೆ. ಕಟ್ಟುಬೀಳುವುದು ಮೊತ್ತಕ್ಕಿಂತ ಹೆಚ್ಚಾಗಿ ಸರದಿ. ಸಾಲ ಕೊಟ್ಟವರದ್ದು ಮೊದಲು, ಬೀದಿ ದೀಪ, ರಸ್ತೆ ಗುಂಡಿ ಎಲ್ಲ ಆಮೇಲೆ.

ನನ್ನ ಕಿರುದಾರಿ: ತಿಂಗಳ ಎಸ್ಕ್ರೋ ಆದಾಯವನ್ನು ತಿಂಗಳ ಕಂತಿನಿಂದ ಭಾಗಿಸಿ. ಇಲ್ಲಿ 5 ÷ 1.5, ಅಂದರೆ ಮೂರು ಪಟ್ಟಿಗಿಂತ ಜಾಸ್ತಿ. ತೆರಿಗೆ ಅರ್ಧಕ್ಕೆ ಕುಸಿದರೂ ಕಂತು ತಪ್ಪಲ್ಲ. ಇದೇ ಸಂಖ್ಯೆ ಒಂದರ ಹತ್ತಿರ ಬಂದರೆ, ಯೋಜನೆ ಎಷ್ಟೇ ಒಳ್ಳೆಯದಿರಲಿ, ಸಾಲ ಅಪಾಯದ್ದು.

ಸಣ್ಣ ಊರುಗಳ ಪಾಡು

ಪುರಸಭೆಯೊಂದು ತಾನೇ ಮಾರುಕಟ್ಟೆಗೆ ಹೋಗಲು ಆಗಲ್ಲ. ರೇಟಿಂಗ್ (ಸಾಲ ತೀರಿಸುವ ಶಕ್ತಿಗೆ ಕೊಡುವ ಅಂಕ), ಕಾಗದಪತ್ರ, ಏಜೆಂಟರ ಖರ್ಚು ಸಣ್ಣ ಸಾಲಕ್ಕೆ ತೀರಾ ಭಾರ. ಅದಕ್ಕೇ ಪೂಲ್ಡ್ ಬಾಂಡ್, ಅಂದರೆ ಹಲವು ಊರುಗಳ ಪರವಾಗಿ ಒಟ್ಟಿಗೆ ಎತ್ತುವ ಸಾಲ. 2002ರಲ್ಲಿ ತಮಿಳುನಾಡಿನಲ್ಲಿ 13 ಸ್ಥಳೀಯ ಸಂಸ್ಥೆಗಳ ಪರವಾಗಿ ಒಂದೇ ನಿಧಿ 30.41 ಕೋಟಿ ಎತ್ತಿತು. ಕಂತು ತಪ್ಪದ ಹಾಗೆ ಒಂದರ ಹಿಂದೆ ಒಂದು ತಡೆ ಕಟ್ಟಿದ್ದರು. ಮೊದಲು ಊರಿನ ಸ್ವಂತ ಎಸ್ಕ್ರೋ. ಅದು ಸಾಲದಿದ್ದರೆ ಮೀಸಲು ನಿಧಿ. ಮೀಸಲು ಕರಗಿದರೆ ರಾಜ್ಯ ಆ ಊರಿಗೆ ಕೊಡಬೇಕಾದ ಪಾಲಿನಲ್ಲೇ ಹಿಡಿದು ತುಂಬುತ್ತದೆ. ಇದರ ಜೊತೆಗೆ ಅಮೆರಿಕದ ವಿದೇಶಿ ನೆರವು ಸಂಸ್ಥೆ ಯುಎಸ್‌ಏಡ್ ಅಸಲಿನ ಅರ್ಧಕ್ಕೆ ಖಾತರಿ ನಿಂತಿತ್ತು. 2005ರಲ್ಲಿ ಕರ್ನಾಟಕವೂ ಇದೇ ದಾರಿಯಲ್ಲಿ ಬೆಂಗಳೂರಿನ ಸುತ್ತಲಿನ 8 ಸ್ಥಳೀಯ ಸಂಸ್ಥೆಗಳ ನೀರಿನ ಯೋಜನೆಗೆ 100 ಕೋಟಿ ಎತ್ತಿತು. ನಮ್ಮದೇ ರಾಜ್ಯದ ಈ ಉದಾಹರಣೆಯನ್ನು ಪರೀಕ್ಷೆಯ ಉತ್ತರದಲ್ಲಿ ಬರೆಯುವವರು ಕಮ್ಮಿ. ಬರೆಯಿರಿ.

2015ರ ನಂತರ

2015ರಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಪಾಲಿಕೆ ಬಾಂಡ್‌ಗಳಿಗೆ ಪ್ರತ್ಯೇಕ ನಿಯಮ ತಂದಿತು. 2017ರಲ್ಲಿ ಪುಣೆ ದಿನದ 24 ಗಂಟೆ ನೀರು ಕೊಡುವ ಯೋಜನೆಗೆ ಶೇಕಡ 7.59 ಬಡ್ಡಿಗೆ 200 ಕೋಟಿ ಎತ್ತಿತು. ನಗರಗಳ ನೀರು, ಒಳಚರಂಡಿಗೆಂದು ಕೇಂದ್ರ ತಂದ ಅಮೃತ್ ಯೋಜನೆಯಲ್ಲಿ ಪ್ರತಿ 100 ಕೋಟಿ ಬಾಂಡ್‌ಗೆ 13 ಕೋಟಿ ಪ್ರೋತ್ಸಾಹಧನ ಇತ್ತು, 200 ಕೋಟಿ ಬಾಂಡ್‌ವರೆಗೆ. ಹಾಗಾಗಿ ಪುಣೆಗೆ 26 ಕೋಟಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 2021ರ ಗಾಜಿಯಾಬಾದ್. 150 ಕೋಟಿ, ಶೇಕಡ 8.1 ಬಡ್ಡಿ, ದೇಶದ ಮೊದಲ ಹಸಿರು ಪಾಲಿಕೆ ಬಾಂಡ್, ಅಂದರೆ ಪರಿಸರದ ಕೆಲಸಕ್ಕೆಂದೇ ಎತ್ತಿದ ಸಾಲ. ಯೋಜನೆ ಏನೆಂದರೆ, ದಿನಕ್ಕೆ 4 ಕೋಟಿ ಲೀಟರ್ ಕೊಳಚೆ ನೀರನ್ನು ಮೂರನೇ ಹಂತದವರೆಗೆ ಶುದ್ಧ ಮಾಡಿ ಸಾಹಿಬಾಬಾದ್‌ನ ಕಾರ್ಖಾನೆಗಳಿಗೆ ಮಾರುವುದು. ಇಲ್ಲಿ ಮೂರನೇ ಹಂತ ಅಂದರೆ ಮಾಮೂಲಿ ಸಂಸ್ಕರಣೆ ಮುಗಿದ ನೀರನ್ನೇ ಮತ್ತೆ ಸೂಕ್ಷ್ಮ ಪೊರೆಗಳ ಮೂಲಕ ಹಾಯಿಸಿ, ಕರಗಿದ ಉಪ್ಪನ್ನೂ ತೆಗೆಯುವುದು. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಇಲ್ಲಿ ಬೇರೆ ಉತ್ತರ ಇದೆ. ಶುದ್ಧವಾದ ನೀರಿಗೇ ಗಿರಾಕಿ ಸಿಕ್ಕಿದ್ದಾರೆ. ಕಾರ್ಖಾನೆಯವರು ಅಂತರ್ಜಲ ಎತ್ತುವುದೂ ಅಷ್ಟರ ಮಟ್ಟಿಗೆ ತಪ್ಪುತ್ತದೆ.

ಅಭ್ಯಾಸಕ್ಕೆ: ಮೇಲಿನ ಉದಾಹರಣೆಯಲ್ಲೇ ಅವಧಿಯನ್ನು 20 ವರ್ಷ ಮಾಡಿ. ಎತ್ತಿಡುವ ಅಸಲು ವರ್ಷಕ್ಕೆ 5 ಕೋಟಿಗೆ ಇಳಿಯುತ್ತದೆ, ಬಡ್ಡಿ 8 ಕೋಟಿಯೇ ಉಳಿಯುತ್ತದೆ. ವರ್ಷದ ಹೊರೆ 18ರಿಂದ 13 ಕೋಟಿಗೆ ಬರುತ್ತದೆ, ಅರ್ಧ ಆಗಲ್ಲ. ಒಟ್ಟು ಬಡ್ಡಿ ಮಾತ್ರ 80 ಕೋಟಿಯಿಂದ 160 ಕೋಟಿಗೆ ಏರುತ್ತದೆ. ಬಡ್ಡಿ ಶೇಕಡ 9 ಆದರೆ ಏನಾಗುತ್ತದೆ ಅಂತ ನೀವೇ ಹಾಕಿ ನೋಡಿ.