ಬಿಸಿಲು ಬೇರೆ, ಬೆಳಕು ಬೇರೆ

ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅದಾಗಿ ಮೂರು ವಾರಕ್ಕೆ ಊರಿನಿಂದ ಫೋನ್ ಬರಲು ಶುರುವಾಗುತ್ತದೆ. ಹಾಸನ, ಮೈಸೂರು, ದಾವಣಗೆರೆ; ಊರು ಬೇರೆಯಾದರೂ ಮಾತು ಒಂದೇ. “ಡಾಕ್ಟರೇ, ನಮ್ಮ ಹುಡುಗ ಯಾಕೋ ಮಂಕಾಗಿದ್ದಾನೆ. ಅಲ್ಲಿ ಬಿಸಿಲೇ ಇಲ್ಲವಂತೆ. ವಿಟಮಿನ್ ಡಿ ಕಳಿಸಿದ್ದೇವೆ, ಸಾಕಲ್ಲವೇ?”

ಸಾಲದು. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಮನೋವೈದ್ಯೆಯಾಗಿ ಹದಿನೆಂಟು ಚಳಿಗಾಲ ಕಳೆದಿದ್ದೇನೆ. ಅಷ್ಟೂ ಚಳಿಗಾಲ ಈ ಒಂದು ಪ್ರಶ್ನೆಗೆ ಉತ್ತರ ಹೇಳಿದ್ದೇನೆ. ಇನ್ನು ಮುಂದೆ ಫೋನ್ ಮಾಡಿದವರಿಗೆ ಈ ಬರಹವನ್ನು ಕಳಿಸಿಬಿಡಬೇಕು ಎಂಬುದು ನನ್ನ ಸ್ವಾರ್ಥ. (ಕೆಳಗೆ ಬರುವವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅಬರ್ಡೀನ್ ಉತ್ತರ ಸಮುದ್ರದ ದಡದ ಊರು. ತೈಲ ಉದ್ಯಮವನ್ನು ನಂಬಿಕೊಂಡು ನಮ್ಮ ಎಂಜಿನಿಯರುಗಳೂ ಬಂದು ಸೇರಿದ್ದಾರೆ. ಕಟ್ಟಡಗಳೆಲ್ಲ ಬೂದು ಗ್ರಾನೈಟಿನವು. ಡಿಸೆಂಬರಿನಲ್ಲಿ ಆಕಾಶ, ಕಡಲು, ಗೋಡೆ ಮೂರೂ ಒಂದೇ ಬಣ್ಣ. ಡಿಸೆಂಬರ್ 21ರಂದು ಸೂರ್ಯ ಮೂಡುವುದು ಎಂಟೂಮುಕ್ಕಾಲಿಗೆ, ಮುಳುಗುವುದು ಮೂರೂವರೆಗೂ ಮೊದಲೇ. ಬೆಂಗಳೂರಿನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆಯ ಅಂತರವಷ್ಟೇ. ಇಲ್ಲಿ ಆ ಅಂತರ ಹನ್ನೊಂದು ಗಂಟೆ. ಮೊದಲ ಚಳಿಗಾಲ ಹಿಮ ನೋಡುವ ಸಂಭ್ರಮದಲ್ಲಿ ಕಳೆಯುತ್ತದೆ. ಎರಡನೆಯದೋ ಮೂರನೆಯದೋ ಬಂದಾಗ ಹುಡುಗರು ಕುಸಿಯುತ್ತಾರೆ. ಋತುಮಾನದ ಖಿನ್ನತೆ ಎಂದು ನಾವು ಹೆಸರಿಡುವುದು ಕನಿಷ್ಠ ಎರಡು ವರ್ಷ ಒಂದೇ ಕಾಲಕ್ಕೆ ಬಂದು ಹೋದ ಮೇಲೆ. ಒಂದು ನವೆಂಬರಿನ ಬೇಸರಕ್ಕೆ ಆ ಹೆಸರು ಹಚ್ಚುವುದಿಲ್ಲ.

ಲಕ್ಷಣಗಳ ಪಟ್ಟಿ ಎಲ್ಲಾದರೂ ಸಿಗುತ್ತದೆ. ಒಂದನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಮನೆಯವರು ಎಡವುವುದು ಅಲ್ಲೇ. ಖಿನ್ನತೆ ಎಂದರೆ ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ ಎಂದು ನಮ್ಮವರು ತಿಳಿದಿದ್ದಾರೆ. ಚಳಿಗಾಲದ ಖಿನ್ನತೆಯಲ್ಲಿ ಬಹಳ ಸಲ ಇದು ತಿರುವುಮುರುವು. ನಿದ್ದೆ ಹತ್ತು ಗಂಟೆಯಾದರೂ ಸಾಲದು, ಕೈಕಾಲು ಸೀಸ ಕಟ್ಟಿದಷ್ಟು ಭಾರ. ಅನ್ನ, ಬ್ರೆಡ್, ಸಿಹಿ ಎಷ್ಟು ತಿಂದರೂ ಇನ್ನೂ ಬೇಕು. ವೀಡಿಯೊ ಕರೆಯಲ್ಲಿ ಅಮ್ಮನಿಗೆ ಕಾಣುವುದು ಕೆನ್ನೆ ತುಂಬಿಕೊಂಡು, ರಜೆಯ ದಿನ ಹನ್ನೊಂದಾದರೂ ಹಾಸಿಗೆ ಬಿಡದ ಮಗ. “ಉಂಡುಟ್ಟು ಚೆನ್ನಾಗಿಯೇ ಇದ್ದಾನೆ, ಸೋಮಾರಿತನ ಅಷ್ಟೆ” ಎಂದು ತೀರ್ಪು ಬೀಳುತ್ತದೆ. ಅವನೂ ಅದನ್ನೇ ನಂಬಿಕೊಂಡಿರುತ್ತಾನೆ.

ಈಗ ಆ ವಿಟಮಿನ್ ಡಿ ಪ್ರಶ್ನೆಗೆ ಬರುತ್ತೇನೆ. ಇಂಗ್ಲಿಷಿನ ಸನ್‌ಲೈಟ್ ಎಂಬ ಪದ ಎರಡು ಸಂಗತಿಗಳನ್ನು ಕಲಸಿಬಿಡುತ್ತದೆ. ನಮ್ಮಲ್ಲಿ ಬಿಸಿಲು ಬೇರೆ, ಬೆಳಕು ಬೇರೆ. ಹಪ್ಪಳ ಒಣಗುವುದು ಬಿಸಿಲಿಗೆ, ಅಕ್ಷರ ಕಾಣುವುದು ಬೆಳಕಿಗೆ. ಇಷ್ಟು ಚೆನ್ನಾದ ಭಾಷೆ ಇಟ್ಟುಕೊಂಡು ನಾವೇಕೆ ಗೊಂದಲ ಮಾಡಿಕೊಳ್ಳುತ್ತೇವೆ?

ವಿಟಮಿನ್ ಡಿ ಬಿಸಿಲಿನ ಬಾಬತ್ತು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಚರ್ಮಕ್ಕೆ ತಾಗಿದಾಗ ಅದು ತಯಾರಾಗುತ್ತದೆ. ಅಕ್ಟೋಬರಿನಿಂದ ಮಾರ್ಚ್ ಆರಂಭದವರೆಗೆ ಇಲ್ಲಿ ಸೂರ್ಯ ಎದುರಿಗೇ ನಿಂತರೂ ಆ ಕಿರಣ ಸಾಕಷ್ಟು ಇರುವುದಿಲ್ಲ. ಹಾಗಾಗಿ ಮಾತ್ರೆ ಬೇಕು. ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್, ನಮ್ಮಂಥ ಕಂದು ಚರ್ಮದವರು ವರ್ಷವಿಡೀ ತೆಗೆದುಕೊಳ್ಳುವ ಬಗ್ಗೆ ಯೋಚಿಸಿ ಎಂಬುದು ಇಲ್ಲಿನ ಸರ್ಕಾರದ ಸಲಹೆ. ಅದು ಮೂಳೆಗೆ, ಸ್ನಾಯುವಿಗೆ. ಅಮೆರಿಕದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಜನರಿಗೆ ಐದು ವರ್ಷ ದಿನಕ್ಕೆ 2,000 ಯೂನಿಟ್ ಅಥವಾ ಹುಸಿಮಾತ್ರೆ ಕೊಟ್ಟು ನೋಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅವರು ಐವತ್ತು ದಾಟಿದವರು, ಅಧ್ಯಯನ ಚಳಿಗಾಲದ ಖಿನ್ನತೆಯೊಂದನ್ನೇ ಕುರಿತದ್ದೂ ಅಲ್ಲ. ಆದರೂ ಖಿನ್ನತೆ ತಡೆಯುವುದರಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ.

ಮನಸ್ಸಿನ ಮಂಕು ಬೆಳಕಿನ ಬಾಬತ್ತು. ಅದರ ಬಾಗಿಲು ಕಣ್ಣು. ಕಣ್ಣಿನ ಅಕ್ಷಿಪಟಲದಲ್ಲಿ ನೋಡುವ ಕೆಲಸಕ್ಕೆ ಹೆಚ್ಚು ಸೇರದ ಕೆಲವು ಜೀವಕೋಶಗಳಿವೆ ಎಂಬುದು 2002ರ ಸುಮಾರಿಗೆ ಖಚಿತವಾಯಿತು. ಬೆಳಗಾಯಿತೋ ಇಲ್ಲವೋ ಎಂದು ಮಿದುಳಿನೊಳಗಿನ ಗಡಿಯಾರಕ್ಕೆ ವರದಿ ಒಪ್ಪಿಸುವುದು ಅವುಗಳ ಮುಖ್ಯ ಕೆಲಸ. ವರದಿ ತಲುಪಿದರೆ ರಾತ್ರಿಯ ಹಾರ್ಮೋನಾದ ಮೆಲಟೋನಿನ್ ಇಳಿಯುತ್ತದೆ. ಇಲ್ಲಿನ ಡಿಸೆಂಬರಿನಲ್ಲಿ ಎಂಟು ಗಂಟೆಗೆ ಕಚೇರಿ ಸೇರಿದವನ ಗಡಿಯಾರ ಇನ್ನೂ ನಡುರಾತ್ರಿಯಲ್ಲೇ ತೂಕಡಿಸುತ್ತಿರಬಹುದು. ಎಲ್ಲರ ಚಳಿಗಾಲದ ಖಿನ್ನತೆಯೂ ಇಷ್ಟರಿಂದಲೇ ಬರುತ್ತದೆ ಎಂದು ನಾನು ಆಣೆ ಇಡಲಾರೆ. ಆದರೆ ಹೊಟ್ಟೆಗೆ ನುಂಗಿದ ಗುಳಿಗೆ ಈ ಬಾಗಿಲನ್ನು ತೆರೆಯುವುದಿಲ್ಲ ಎಂದು ಹೇಳಬಲ್ಲೆ.

“ಮನೆಯಲ್ಲಿ ಎಲ್ಲ ದೀಪ ಹಾಕಿಕೊಂಡೇ ಇರುತ್ತೇವೆ” ಎಂಬುದು ಮುಂದಿನ ವಾದ. ಕಣ್ಣು ಮಹಾ ಮೋಸಗಾರ. ಕಡಿಮೆ ಬೆಳಕಿಗೆ ಹೊಂದಿಕೊಂಡು, ಎಲ್ಲ ಸರಿಯಿದೆ ಎನ್ನುತ್ತದೆ. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆದರೆ ನಮ್ಮ ನಡುಮನೆಯಲ್ಲಿ ನೂರು, ಇನ್ನೂರು. ಒಳ್ಳೆಯ ಕಚೇರಿಯಲ್ಲಿ ಐನೂರು. ಮೋಡ ಕವಿದ ಚಳಿಗಾಲದ ನಡುಹಗಲಲ್ಲೂ ಹೊರಗೆ ಸಾವಿರ ದಾಟುತ್ತದೆ. ಊರಿನ ಬಿರುಬಿಸಿಲಿನಲ್ಲಿ ಲಕ್ಷದ ಹತ್ತಿರ. ಆದ್ದರಿಂದ ಹತ್ತು ಗಂಟೆಗೆ ಜಾಕೆಟ್ ಹಾಕಿಕೊಂಡು ಅರ್ಧ ಗಂಟೆ ನಡೆಯಿರಿ ಎಂದರೆ, “ಹೊರಗೆ ಬಿಸಿಲೇ ಇಲ್ಲವಲ್ಲ, ಏನು ಪ್ರಯೋಜನ?” ಎಂದು ಕೇಳುತ್ತಾರೆ. ಮತ್ತೆ ಬಿಸಿಲು!

ಹೊರಗೆ ಹೋಗಲಾಗದವರಿಗೆ ಬೆಳಕಿನ ಪೆಟ್ಟಿಗೆ, ಅಂದರೆ ಮುಂದೆ ಕೂರಲೆಂದೇ ಮಾಡಿದ ಪ್ರಖರ ದೀಪ, ಇದೆ. 1984ರಲ್ಲಿ ಈ ಕಾಯಿಲೆಯನ್ನು ವಿವರಿಸಿ ಬೆಳಕಿನ ಚಿಕಿತ್ಸೆಯ ಫಲವನ್ನು ವರದಿ ಮಾಡಿದವರು ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು. ರೋಸೆಂಥಾಲ್ ಜೊಹಾನ್ಸ್‌ಬರ್ಗಿನಿಂದ ನ್ಯೂಯಾರ್ಕಿಗೆ ಬಂದು, ಅಲ್ಲಿನ ಚಳಿಗಾಲದಲ್ಲಿ ತಾವೇ ಕುಗ್ಗಿದ್ದನ್ನು ಗಮನಿಸಿದ್ದವರು. ಬಿಸಿಲ ನಾಡಿನಿಂದ ವಲಸೆ ಬಂದವರಿಗೇ ಇದು ಕಂಡಿತು ಎಂಬುದು ನನಗೆ ಆಪ್ತವಾದ ಸಂಗತಿ. ಇಂದಿನ ರೂಢಿ 10,000 ಲಕ್ಸ್, ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿಗೆ, ಸುಮಾರು ಅರ್ಧ ಗಂಟೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಪೆಟ್ಟಿಗೆಯನ್ನು ಸಾಮಾನ್ಯವಾಗಿ ಕೊಡುವುದಿಲ್ಲ, ಪುರಾವೆ ಇನ್ನೂ ಗಟ್ಟಿಯಿಲ್ಲ ಎನ್ನುತ್ತದೆ. ಅದನ್ನೂ ಹೇಳಿಯೇ ನಾನು ಸೂಚಿಸುತ್ತೇನೆ.

ಕೊಂಡವರೆಲ್ಲ ಸರಿಯಾಗಿ ಬಳಸುತ್ತಾರೆಯೇ? ಒಬ್ಬರು ಅದನ್ನು ಬೀರುವಿನ ಮೇಲಿಟ್ಟು, ಇಡೀ ಕೋಣೆಗೆ ಬೆಳಕಾಗಲಿ ಎಂದು ಆಚೆ ತುದಿಯಲ್ಲಿ ಕುಳಿತಿದ್ದರು. ಪೆಟ್ಟಿಗೆಯ ಮೇಲೆ ಬರೆದ ಹತ್ತು ಸಾವಿರ ಲಕ್ಸ್ ಮೊಳದಷ್ಟು ದೂರದ ಲೆಕ್ಕ. ದೂರ ಎರಡರಷ್ಟಾದರೆ ಬೆಳಕು ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ. ಇನ್ನೊಂದು ಮನೆಯಲ್ಲಿ, ಊರಿನಿಂದ ಬಂದಿದ್ದ ಅತ್ತೆ ಇಷ್ಟು ಪ್ರಕಾಶಮಾನವಾದ ದೀಪ ದೇವರಿಗಿರಲಿ ಎಂದು ಪೆಟ್ಟಿಗೆಯನ್ನು ದೇವರ ಗೂಡಿನ ಪಕ್ಕಕ್ಕೆ ಸಾಗಿಸಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಇದನ್ನೂ ಹಚ್ಚಿ ಎಲ್ಲರೂ ಮುಂದೆ ಕೂರುತ್ತಿದ್ದರು. ಸೊಸೆಗೆ ರಾತ್ರಿ ಎರಡಾದರೂ ನಿದ್ದೆಯಿಲ್ಲ, ಬೆಳಿಗ್ಗೆ ಮೊದಲಿಗಿಂತ ಜಡ. ಸಂಜೆಯ ಬೆಳಕು ಗಡಿಯಾರವನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ. ಆ ಅತ್ತೆಗೆ ನಾನು ಜೀವಕೋಶದ ಕಥೆ ಹೇಳಲಿಲ್ಲ. “ಧನುರ್ಮಾಸವಲ್ಲವೇ ಅಮ್ಮ, ಪೂಜೆ ಬೆಳಗಿನ ಜಾವಕ್ಕೆ ಆಗಬೇಕು” ಎಂದೆ. ಏಳು ಗಂಟೆಗೆ ಪೆಟ್ಟಿಗೆಯ ಮುಂದೆ ಸೊಸೆಯನ್ನು ಕೂರಿಸಿಕೊಂಡು ವಿಷ್ಣು ಸಹಸ್ರನಾಮ ಹೇಳತೊಡಗಿದರು. ಅವರ ವೇಗಕ್ಕೆ ಅದು ಸರಿಯಾಗಿ ಮೂವತ್ತು ನಿಮಿಷ! ಹಿರಿಯರಿಗೆ ಲಕ್ಸ್ ಗೊತ್ತಿತ್ತು ಎಂಬ ಸಂದೇಶ ಬರೆಯಬೇಡಿ. ಧನುರ್ಮಾಸದ ಪೂಜೆ ಮುಗಿಯುವುದೇ ಕತ್ತಲೆಯಲ್ಲಿ.

ಕಣ್ಣು ತೆರೆದಿರಬೇಕು, ದೀಪವನ್ನೇ ದಿಟ್ಟಿಸಬಾರದು. ಸಕ್ಕರೆ ಕಾಯಿಲೆ ನಮ್ಮವರಲ್ಲಿ ಹೆಚ್ಚು. ಅಕ್ಷಿಪಟಲಕ್ಕೆ ತೊಂದರೆಯಿದ್ದರೆ ಕಣ್ಣಿನ ವೈದ್ಯರನ್ನು ಕೇಳದೆ ಪೆಟ್ಟಿಗೆ ಬೇಡ. ಬೆಳಕಿಗೆ ಸೂಕ್ಷ್ಮವಾಗಿಸುವ ಔಷಧ ತೆಗೆದುಕೊಳ್ಳುವವರೂ ಕೇಳಬೇಕು. ಖಿನ್ನತೆಯೂ ಉನ್ಮಾದವೂ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆಯಿದ್ದವರಲ್ಲಿ ಬೆಳಕು ಉನ್ಮಾದವನ್ನು ಕೆರಳಿಸಬಹುದು. ಸಾಯುವ ಯೋಚನೆ ಸುಳಿಯುತ್ತಿದ್ದರೆ ಪೆಟ್ಟಿಗೆಯ ಫಲಕ್ಕೂ ವಸಂತಕ್ಕೂ ಕಾಯದೆ ಆ ದಿನವೇ ವೈದ್ಯರಿಗೆ ತಿಳಿಸಿ. ಔಷಧವಿದೆ, ಮಾತಿನ ಚಿಕಿತ್ಸೆಯಿದೆ. ಮರುವರ್ಷಗಳಲ್ಲಿ ಖಿನ್ನತೆ ಮರುಕಳಿಸದಂತೆ ನೋಡಿಕೊಳ್ಳುವುದರಲ್ಲಿ ಮಾತಿನ ಚಿಕಿತ್ಸೆ ಬೆಳಕಿಗಿಂತ ಮೇಲಿರಬಹುದು ಎಂಬ ಸೂಚನೆಯೂ ಇದೆ.

ಕಳೆದ ಜನವರಿಯಲ್ಲಿ ಬಂದ ಹುಡುಗನಿಗೆ ಮಂಕಿನ ಜೊತೆಗೆ ವಾಂತಿ, ತೀರದ ಬಾಯಾರಿಕೆ, ಮಲಬದ್ಧತೆ. ಏನೇನು ತೆಗೆದುಕೊಳ್ಳುತ್ತೀಯಪ್ಪಾ ಎಂದರೆ ಚೀಲದಿಂದ ಪೊಟ್ಟಣ ತೆಗೆದು ತೋರಿಸಿದ. ಊರಿನಿಂದ ಕೊರಿಯರಿನಲ್ಲಿ ಬಂದ, 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿ. ಕೊರತೆಯಿದ್ದವರಿಗೆ ವಾರಕ್ಕೊಂದರಂತೆ, ಕೆಲವೇ ವಾರ ಕೊಡುವ ಪ್ರಮಾಣ ಅದು. ಈತ ದೀಪಾವಳಿಯಿಂದ ದಿನಕ್ಕೊಂದು ಹಾಲಿಗೆ ಹಾಕಿಕೊಂಡು ಕುಡಿದಿದ್ದ. ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು, ಆಸ್ಪತ್ರೆಯಲ್ಲಿ ಮಲಗಿಸಬೇಕಾಯಿತು. ಮೂತ್ರಪಿಂಡ ಉಳಿಯಿತು. ಬೆಳಕಿನ ಪೆಟ್ಟಿಗೆಯ ಮಾತು ಆಡಿದ್ದು ಆಮೇಲೆ.

ಮಾರ್ಚಿನಲ್ಲಿ ಅವನ ತಾಯಿ ಫೋನ್ ಮಾಡಿದರು. ಮಗ ಗೆಲುವಾಗಿದ್ದಾನೆ, ಬೆಳಿಗ್ಗೆ ನಡೆಯಲು ಹೋಗುತ್ತಾನೆ ಎಂದು ಸಂತೋಷಪಟ್ಟರು. ಇಡುವ ಮುನ್ನ ದನಿ ತಗ್ಗಿಸಿ ಕೇಳಿದರು: “ಡಾಕ್ಟರೇ, ಅವನಿಗೆ ಕಳಿಸಲೆಂದು ತಂದಿದ್ದ ಇನ್ನೊಂದು ಡಬ್ಬ ಹಾಗೇ ಉಳಿದಿದೆ. ನಮ್ಮ ಯಜಮಾನರ ಮಂಡಿನೋವಿಗೆ ದಿನಕ್ಕೊಂದು ಕೊಡಬಹುದೇ?”