ಹಕ್ಕಿ ಜ್ವರ ಓದುವವರಿಗೆ: ಮೊದಲು ಹಾಂಗ್‌ಕಾಂಗ್, 1997

ಹಕ್ಕಿ ಜ್ವರದ ಪಾಠ ಬಂದಾಗ ಎಚ್ ಎಷ್ಟು, ಎನ್ ಎಷ್ಟು (ವೈರಸ್ ಮೈಮೇಲಿನ ಎರಡು ಪ್ರೋಟೀನ್‌ಗಳ ನಂಬರ್) ಅಂತ ಬಾಯಿಪಾಠ ಮಾಡುವುದರಲ್ಲೇ ಹೊತ್ತು ಹೋಗುತ್ತದೆ. ಮೊದಲು ಹಾಂಗ್‌ಕಾಂಗ್‌ನಲ್ಲಿ ಏನಾಯಿತು ಅಂತ ತಿಳಿದುಕೊಳ್ಳಿ.

1997ರ ಮೇ ತಿಂಗಳಲ್ಲಿ ಅಲ್ಲಿ ಮೂರು ವರ್ಷದ ಮಗುವೊಂದು ತೀರಿಕೊಂಡಿತು. ಮಗುವಿನಲ್ಲಿ ಫ್ಲೂ ವೈರಸ್ ಸಿಕ್ಕಿತು. ಆದರೆ ಅದು ಮನುಷ್ಯರಿಗೆ ಬರುವ ಯಾವ ಫ್ಲೂಗೂ ಹೊಂದಲಿಲ್ಲ. ಸುಮ್ನೆ 'ಫ್ಲೂ' ಅಂತ ಬರೆದು ಮುಗಿಸಬಹುದಿತ್ತು. ಅಲ್ಲಿನ ಸರ್ಕಾರಿ ಲ್ಯಾಬ್ ಹಾಗೆ ಬಿಡಲಿಲ್ಲ, ಹೊರದೇಶದ ಲ್ಯಾಬ್‌ಗಳಿಗೆ ಕಳಿಸಿತು. ಆಗಸ್ಟ್‌ನಲ್ಲಿ ಗೊತ್ತಾಯಿತು: ಎಚ್5ಎನ್1, ಕೋಳಿಗಳನ್ನು ಕೊಲ್ಲುವ ವೈರಸ್. ನವೆಂಬರ್‌ನಲ್ಲಿ ಮತ್ತೆ ಶುರುವಾಯಿತು. ಒಟ್ಟು 18 ಜನಕ್ಕೆ ಸೋಂಕು, 6 ಸಾವು. ಡಿಸೆಂಬರ್ ಕೊನೆಗೆ ಅಲ್ಲಿನ ಕೋಳಿಗಳನ್ನೆಲ್ಲ, 10 ಲಕ್ಷಕ್ಕೂ ಜಾಸ್ತಿ, ಕೊಂದರು. ಹೊಸ ರೋಗಿಗಳು ಬರುವುದು ನಿಂತಿತು.

ಅಷ್ಟು ಜನ ಸತ್ತರೂ ಊರೆಲ್ಲ ಯಾಕೆ ಹರಡಲಿಲ್ಲ? ಬೀಗ ಮತ್ತು ಕೀಲಿಕೈ ಅಂದುಕೊಳ್ಳಿ. ವೈರಸ್‌ನ ಎಚ್ ಪ್ರೋಟೀನ್ ಕೀಲಿಕೈ. ಹಕ್ಕಿ ವೈರಸ್‌ಗೆ ಸರಿಹೊಂದುವ ಬೀಗ ನಮ್ಮ ಮೂಗು, ಗಂಟಲಲ್ಲಿ ಕಡಿಮೆ, ಶ್ವಾಸಕೋಶದ ಆಳದಲ್ಲಿ ಜಾಸ್ತಿ. ಆಳಕ್ಕೆ ಇಳಿದರೆ ಕಾಯಿಲೆ ಭೀಕರ. ಆದರೆ ಅಲ್ಲಿಂದ ಕೆಮ್ಮಿನಲ್ಲಿ ಹೊರಬಂದು ಇನ್ನೊಬ್ಬರಿಗೆ ಅಂಟುವುದು ಕಷ್ಟ.

ಭಯ ಇರುವುದು ಕೀಲಿಕೈ ಬದಲಾಗುವುದರ ಬಗ್ಗೆ. ಫ್ಲೂ ವೈರಸ್‌ನ ಜೀನ್‌ಗಳು 8 ತುಂಡುಗಳಲ್ಲಿವೆ. ಒಂದೇ ಜೀವಕೋಶಕ್ಕೆ ಎರಡು ಬಗೆಯ ವೈರಸ್ ಹೊಕ್ಕರೆ ತುಂಡುಗಳು ಅದಲು ಬದಲಾಗಬಹುದು. 1957 ಮತ್ತು 1968ರ ಮಹಾಮಾರಿಗಳ ವೈರಸ್ ಹುಟ್ಟಿದ್ದು ಹೀಗೆ, ಹಕ್ಕಿಯ ಮತ್ತು ಮನುಷ್ಯರ ಫ್ಲೂ ಬೆರೆತು. ವೈರಸ್ ಹೊಸ ಪ್ರಾಣಿಗಳಿಗೆ ಹೊಕ್ಕಷ್ಟೂ ಇಂಥ ಬದಲಾವಣೆಗೆ ಅವಕಾಶ ಹೆಚ್ಚು; 2024ರಲ್ಲಿ ಅಮೆರಿಕದ ಹಾಲು ಕರೆಯುವ ಹಸುಗಳಲ್ಲೂ ಎಚ್5ಎನ್1 ಕಂಡಿತು.

ಪರೀಕ್ಷೆಯಲ್ಲಿ 'ತಡೆಯುವುದು ಹೇಗೆ' ಅಂದರೆ ಬಹಳ ಜನ ಲಸಿಕೆಯಿಂದ ಶುರು ಮಾಡುತ್ತಾರೆ. ನಾನಾದರೆ ಪಶು ಆಸ್ಪತ್ರೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಶುರು ಮಾಡುತ್ತೇನೆ. ಕೋಳಿ ಸತ್ತಾಗ ರೈತ ಮೊದಲು ಹೇಳುವುದು ಪಶುವೈದ್ಯರಿಗೆ. ಅವರು ಕಳಿಸಿದ ಮಾದರಿ ಪ್ರಾಣಿಗಳ ರೋಗ ಪತ್ತೆ ಮಾಡುವ ಭೋಪಾಲದ ಲ್ಯಾಬ್‌ಗೆ ಹೋಗುತ್ತದೆ. ಹಕ್ಕಿ ಜ್ವರ ಖಚಿತವಾದರೆ ಸುತ್ತ 1 ಕಿ.ಮೀ. ಒಳಗಿನ ಕೋಳಿಗಳನ್ನು ಕೊಲ್ಲುತ್ತಾರೆ, 10 ಕಿ.ಮೀ.ವರೆಗೆ ಕಣ್ಣಿಡುತ್ತಾರೆ. 2012ರಲ್ಲಿ ನಮ್ಮ ಹೆಸರಘಟ್ಟದಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆ ಈ ಕೆಲಸ ನಡೆಯಿತು. ಜ್ವರ ಅಂತ ಬಂದವರಿಗೆ "ಮನೆ ಹತ್ತಿರ ಕೋಳಿ ಸತ್ತಿದ್ದಾವಾ?" ಅಂತ ಕೇಳುವುದು ಆರೋಗ್ಯ ಕೇಂದ್ರದ ಕೆಲಸ. ಹುದ್ದೆ ಖಾಲಿ ಇದ್ದರೆ ಆ ಪ್ರಶ್ನೆ ಕೇಳುವವರು ಯಾರು? ರೋಗ ಇಲ್ಲದ ವರ್ಷಗಳಲ್ಲೂ ಇವರಿಗೆ ಸಂಬಳ, ತರಬೇತಿ ಸಿಗುತ್ತಿರಬೇಕು. ಹಾಂಗ್‌ಕಾಂಗ್ ಲ್ಯಾಬ್ ಮೊದಲೇ ಸಜ್ಜಾಗಿದ್ದರಿಂದಲೇ ಆ ಒಂದು ಮಾದರಿ ಕಳೆದುಹೋಗಲಿಲ್ಲ.

ಪರಿಹಾರದ ಹಣವನ್ನೂ ಇಲ್ಲೇ ಸೇರಿಸಿ ಓದಿ. ಕೊಂದ ಕೋಳಿಗೆ ದುಡ್ಡು ಬೇಗ ಬರದಿದ್ದರೆ ಮುಂದಿನ ಸಲ ರೈತ ಸುದ್ದಿಯನ್ನೇ ಮುಚ್ಚಿಡಬಹುದು. ಅವನ ಹೊಟ್ಟೆಪಾಡು ಅದು. ಜನ ಹೆದರಿ ಕೋಳಿ ತಿನ್ನುವುದನ್ನು ಬಿಟ್ಟು ರೇಟು ಬಿದ್ದರೂ ಅಷ್ಟೇ. ಹಾಗಾಗಿ ಮನೆಯಲ್ಲಿ ಯಾರಾದರೂ ಕೇಳಿದರೆ ಸರಿಯಾಗಿ ಹೇಳಿ: 70 ಡಿಗ್ರಿ ಬಿಸಿಯಲ್ಲಿ ಒಳಗೆಲ್ಲ ಬೆಂದ ಕೋಳಿ, ಮೊಟ್ಟೆಯಿಂದ ಈ ಜ್ವರ ಬರುವುದಿಲ್ಲ. ಸತ್ತುಬಿದ್ದ ಹಕ್ಕಿಯನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ.